ಮೇಷ್ಟ್ರ ಕೋಟಿನ ಜೇಬು

ಎಲ್ಲಕ್ಕೂ ಕಾರಣ ಅಣಬೆ. ಅಮೆರಿಕದ ಉತ್ತರ ಮಿನ್ನೆಸೋಟದ ಆ ಕಾಡುಶಿಬಿರದ ಅಡುಗೆಯವಳು ಅವತ್ತು ಮಧ್ಯಾಹ್ನ ಹಾಟ್‌ಡಿಶ್ ಅನ್ನುವ ಕಲಸುಮೇಲೋಗರಕ್ಕೆ ಅಣಬೆ ಹಾಕದೆ ಬರೀ ಮಾಂಸ, ಬಟಾಣಿ, ಆಲೂಗಡ್ಡೆ ಹಾಕಿ ಬೇಯಿಸಿದ್ದರೆ ಒಂಬತ್ತನೇ ತರಗತಿಯ ಮಕ್ಕಳು ತಕರಾರಿಲ್ಲದೆ ತಿಂದುಬಿಡುತ್ತಿದ್ದರು. ಗಣಿತದ ಲಿಂಡ್‌ಕ್ವಿಸ್ಟ್ ಮೇಷ್ಟ್ರೂ ನೆಮ್ಮದಿಯಾಗಿ ಇರುತ್ತಿದ್ದರು.

ಆ ಶಿಬಿರದಲ್ಲೊಂದು ಪದ್ಧತಿ. ಊಟವಾದ ಮೇಲೆ ಪ್ರತಿ ಮೇಜಿನವರೂ ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ಬಕೆಟ್ಟಿಗೆ ಸುರಿದು ತೂಗಿಸಬೇಕು. ಯಾವ ಮೇಜಿನ ಬಕೆಟ್ಟು ಹೆಚ್ಚು ತೂಗುತ್ತದೋ ಆ ಮೇಜಿನ ಮೇಷ್ಟ್ರು ಸಂಜೆ ಎಲ್ಲರೆದುರು ಸರೋವರಕ್ಕೆ ಧುಮುಕಬೇಕು. ಸೆಪ್ಟೆಂಬರ್ ಕೊನೆಯ ಆ ನೀರಿಗೆ ಬೆರಳಿಟ್ಟರೆ ಸಾಕು, ಹಲ್ಲು ಕಟಕಟ ಅನ್ನುತ್ತವೆ. ಚಳಿ ಹಾಗಿರಲಿ, ಮೇಷ್ಟ್ರ ಸಂಕಟ ಬೇರೆಯೇ ಇತ್ತು. ದಾರಿಗೊಂದು ಸರೋವರ ಇರುವ ನಾಡಿನಲ್ಲಿ ಹುಟ್ಟಿ ಬೆಳೆದರೂ ಅವರಿಗೆ ಈಜು ಬರುತ್ತಿರಲಿಲ್ಲ! ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬರುವಾಗ ಬಸ್ಸಿನಲ್ಲಿ, "ನಿಮ್ಮ ವಯಸ್ಸಲ್ಲಿ ಈ ಕೆರೇನ ಆ ದಡದಿಂದ ಈ ದಡಕ್ಕೆ ಈಜಿದೋನು ಕಣ್ರೋ ನಾನು" ಎಂದು ಕೊಚ್ಚಿಕೊಂಡು ಬಂದಿದ್ದರು.

"ಲೋ ಹಾಲಿಸ್, ತಿನ್ನೋ" ಎಂದು ಗದರಿದರು ಮೇಷ್ಟ್ರು.

"ಆಗಲ್ಲ ಸರ್. ಈ ಅಣಬೆ ತಟ್ಟೆ ಒಳಗಿಂದ ನನ್ನನ್ನೇ ನೋಡ್ತಾ ಇದೆ."

"ಟೋವಾ, ನೀನಾದ್ರೂ ತಿನ್ನಮ್ಮ."

"ನೀವೇ ತಿನ್ನಿ ಸರ್. ನಂದೂ ಬೇಕಾದ್ರೆ ತಗೊಳ್ಳಿ" ಎಂದು ಆ ಹುಡುಗಿ ಧಾರಾಳವಾಗಿ ತಟ್ಟೆ ಮುಂದೆ ತಳ್ಳಿದಳು.

ಪಕ್ಕದ ಮೇಜಿನಿಂದ ವ್ಯಾಯಾಮದ ಆಸೆನ್ ಮೇಡಂ ಕತ್ತು ಚಾಚಿದರು. ಇನ್ನೊಬ್ಬರ ತಟ್ಟೆ ನೋಡದಿದ್ದರೆ ಆಕೆಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. "ಏನ್ರೀ ಲಿಂಡ್‌ಕ್ವಿಸ್ಟ್, ಈ ಸಲ ನಿಮ್ಮದೇ ಸ್ನಾನ ಅಂತ ಕಾಣುತ್ತೆ!"

"ನೋಡೋಣ ಬಿಡಿ ಮೇಡಂ" ಎಂದು ಮೇಷ್ಟ್ರು ಮೀಸೆ ತಿರುವಿದರು. ಜೀವನವಿಡೀ ಲೆಕ್ಕ ಬಿಡಿಸಿದ ತಲೆ ಒಂದು ಬಕೆಟ್ಟಿಗೆ ಸೋಲುವುದುಂಟೇ? "ಮಕ್ಕಳೇ, ಇವತ್ತು ತಟ್ಟೆ ನಾನೇ ಎತ್ತೀನಿ" ಎಂದು ಎದ್ದರು. ಕಂಬದ ಮರೆಗೆ ಹೋದರು. ಮಳೆಕೋಟಿನ ಆಳವಾದ ಜೇಬುಗಳಿಗೆ ಅಷ್ಟೂ ಹಾಟ್‌ಡಿಶ್ ಸುರಿದುಕೊಂಡರು. ಖಾಲಿ ಬಕೆಟ್ಟು ತಕ್ಕಡಿ ಏರಿತು. ಊಟದ ಮನೆಯೇ ಚಪ್ಪಾಳೆ ತಟ್ಟಿತು.

"ಸರ್, ನಾವು ಅಷ್ಟೊಂದು ಬಿಟ್ಟಿದ್ವಲ್ಲ?" ಎಂದ ಹಾಲಿಸ್.

"ನಾನು ತಿಂದೆ, ಬಾಯ್ಮುಚ್ಚು."

ಹೊರಗೆ ಹೋಗಿ ಜೇಬು ಖಾಲಿ ಮಾಡಿದರಾಯಿತು ಅಂದುಕೊಂಡಿದ್ದರು. ಅಷ್ಟರಲ್ಲಿ ಶಿಬಿರದ ಒಡತಿ ಕೆಟ್ಟುನೆನ್ ಅಮ್ಮನ ಸೀಟಿ ಕೇಳಿಸಿತು. "ಎಲ್ಲರೂ ಸೀದಾ ಕಾಡಿಗೆ! ಮತ್ತೆ ಹೇಳ್ತಿದ್ದೀನಿ, ಕರಡಿ ಓಡಾಡೋ ಜಾಗ. ಜೇಬಲ್ಲಿ ಬಿಸ್ಕತ್ತಿನ ಚೂರು ಸಿಕ್ಕಿದ್ರೂ ಇವತ್ತೇ ಊರಿಗೆ ವಾಪಸ್. ಮೇಷ್ಟ್ರಾದ್ರೂ ಅಷ್ಟೇ."

ಮೇಷ್ಟ್ರು ಎರಡೂ ಜೇಬು ಅಂಗೈಯಲ್ಲಿ ಒತ್ತಿ ಹಿಡಿದರು. ಜೇಬಿನಲ್ಲಿ ಬಿಸ್ಕತ್ತಿನ ಚೂರಲ್ಲ, ಒಂದು ಸಂಸಾರದ ಊಟವೇ ಇತ್ತು.

ಕಾಡಿನ ಪಾಠವೆಂದರೆ ಒಬ್ಬೊಬ್ಬರೂ ಒಂದೊಂದು ಮರದ ಬುಡದಲ್ಲಿ ಅಲ್ಲಾಡದೆ, ಮಾತಾಡದೆ ಕೂರುವುದು. ಮೇಷ್ಟ್ರು ಕೂತರು. ಕೂತು ಉಸಿರು ಬಿಡುವುದರೊಳಗೆ ಒಂದು ಪಟ್ಟೆ ಅಳಿಲು ತೊಡೆ ಹತ್ತಿತು. ಅದರ ಹಿಂದೆ ಅದರ ಬಂಧುಬಳಗ. ಭುಜದ ಮೇಲೆ ಒಂದು ಬೂದುಬಣ್ಣದ ಹಕ್ಕಿ, ಮಂಡಿಯ ಮೇಲೆ ಇನ್ನೊಂದು. ಎಡಜೇಬಿಗೆ ಬೆಕ್ಕಿನ ಗಾತ್ರದ ಒಂದು ರಕೂನು ಮೊಳಕೈವರೆಗೂ ಕೈ ಹಾಕಿತು. ಮೇಷ್ಟ್ರು ಅಲ್ಲಾಡಲಿಲ್ಲ. ಅಲ್ಲಾಡಿದರೆ ಬಟಾಣಿ ಉದುರುತ್ತಿತ್ತು.

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆಸೆನ್ ಮೇಡಂ ಮಾತ್ರ ಮೂಗು ಅರಳಿಸಿದರು. "ಅಣಬೆ ವಾಸನೆ ಬರ್ತಿಲ್ವೇನ್ರೀ?"

"ಕಾಡಲ್ಲಿ ಅಣಬೆ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತೇನ್ರೀ?" ಎಂದರು ಮೇಷ್ಟ್ರು, ತುಟಿ ಅಲ್ಲಾಡಿಸದೆ.

ಕೆಟ್ಟುನೆನ್ ಅಮ್ಮನ ಕಣ್ಣು ತುಂಬಿ ಬಂತು. "ಈ ಕಾಡಲ್ಲೇ ತಲೆ ನರೆತು ಹೋಯ್ತು, ಒಂದು ಅಳಿಲೂ ನನ್ನ ಹತ್ರ ಬಂದಿಲ್ಲ. ಅದೇನು ಮಾಡ್ತೀರಪ್ಪಾ ನೀವು?"

"ಮನಸ್ಸು ಶಾಂತವಾಗಿದ್ರೆ ಸಾಕು ತಾಯಿ" ಎಂದರು ಮೇಷ್ಟ್ರು. ಅಷ್ಟರಲ್ಲೇ ಅಳಿಲೊಂದು ತೊಡೆ ಕಚ್ಚಿತು. ಆಕೆಯ ಕಣ್ಣಿಗೆ ಅವರ ಕಣ್ಣೀರೂ ಭಕ್ತಿಯಂತೆಯೇ ಕಂಡಿತು. ಪಾಠ ಮುಗಿಯುವಷ್ಟರಲ್ಲಿ ಜೇಬು ತೊಳೆದಿಟ್ಟ ಪಾತ್ರೆಯಷ್ಟು ಚೊಕ್ಕಟವಾಗಿತ್ತು. ಸಾಕ್ಷಿ ಪೂರ್ತಿ ಮಾಯ.

ಸಂಜೆ ಸರೋವರದ ಕಟ್ಟೆಯ ಮೇಲೆ ನಿಂತು ಧುಮುಕಿದವರು ಆಸೆನ್ ಮೇಡಂ. ಅವರ ಬಕೆಟ್ಟೇ ಎಲ್ಲಕ್ಕಿಂತ ಭಾರವಾಗಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಲಿಂಡ್‌ಕ್ವಿಸ್ಟ್ ಮೇಷ್ಟ್ರು. ಬದುಕಿದೆಯಾ ಬಡಜೀವವೇ ಅಂದುಕೊಂಡರು.

ಆಗ ಕೆಟ್ಟುನೆನ್ ಅಮ್ಮ ಮಕ್ಕಳ ಕಡೆ ತಿರುಗಿದರು. "ನಿಮ್ಮ ಪ್ರಿನ್ಸಿಪಾಲರ ಜೊತೆ ಈಗಷ್ಟೇ ಮಾತಾಡಿದೆ. ಇಂಥವರನ್ನ ಬಿಡೋಕಾಗುತ್ತಾ? ಫೆಬ್ರವರಿ ಶಿಬಿರಕ್ಕೆ ನಿಮ್ಮ ಮೇಷ್ಟ್ರೇ ಮುಖ್ಯಸ್ಥರು! ಒಪ್ಪಿಗೇನಾ ಸರ್?"

ಮೇಷ್ಟ್ರು ಸರೋವರ ನೋಡಿದರು. ಫೆಬ್ರವರಿಯಲ್ಲಿ ಅದರ ಮೇಲೆ ಲಾರಿ ಓಡಿಸಬಹುದು, ಅಷ್ಟು ದಪ್ಪ ಹೆಪ್ಪುಗಟ್ಟಿರುತ್ತದೆ. ಧುಮುಕುವ ಮಾತೆಲ್ಲಿ? "ಒಪ್ಪಿಗೆ! ನೂರು ಸಲ ಒಪ್ಪಿಗೆ!" ಎಂದು ಎದೆಯುಬ್ಬಿಸಿ ಕೂಗಿದರು.

"ಭೇಷ್! ಆಗ ಬಕೆಟ್ಟು, ತಕ್ಕಡಿ ಯಾವ ರಗಳೆಯೂ ಇಲ್ಲ ಮಕ್ಕಳೇ. ಗರಗಸದಲ್ಲಿ ಮಂಜುಗಡ್ಡೆ ಕೊಯ್ದು ತೂತು ಮಾಡ್ತೀವಿ. ದಿನಾ ಸಾಯಂಕಾಲ ಸೌನಾ ಅನ್ನೋ ಹಬೆಕೋಣೆಯ ಬಿಸಿಯಿಂದ ಎದ್ದು ಸೀದಾ ಆ ತೂತಿನೊಳಕ್ಕೆ" ಎಂದು ಕೆಟ್ಟುನೆನ್ ಅಮ್ಮ ಮೇಷ್ಟ್ರ ಬೆನ್ನು ತಟ್ಟಿದರು. "ಮೊದಲು ಇಳಿಯೋದು ಯಾವಾಗ್ಲೂ ಮುಖ್ಯಸ್ಥರೇ."