ಮಿಸ್ಟರ್ ಯಮುನಪ್ಪನ ತಾಯಿ ಬರೆದುಕೊಂಡ ದೂರು

ಫ್ರೇಜರ್‌ಪೇಟೆ ಹೋಬಳಿ, ಕೊಡಗು ರಾಜ್ಯ
17ನೇ ಅಕ್ಟೋಬರ್ 1956

ಗೋಸಂಪದ ಪಶುವೈದ್ಯ ಕಾಲೇಜಿನ ಆಯ್ಕೆ ಸಮಿತಿಯ ಕಾರ್ಯದರ್ಶಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಇನ್ನುಳಿದ ನಾಲ್ವರು ಮಹನೀಯರೂ, ತಮ್ಮ ಮೇಜಿನ ಮೇಲೆ ನಾನು ಕಣ್ಣಾರೆ ಕಂಡ ಆರು ರಬ್ಬರ್ ಮೊಹರುಗಳೂ ಕ್ಷೇಮವೆಂದು ನಂಬಿ, ಹೊಳೆಯ ಈಚೆ ದಡದಿಂದ ಕೈಮುಗಿದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ಕಾಮಾಕ್ಷಮ್ಮ. ಕಾವೇರಿಯ ದಡದಲ್ಲಿ ಭತ್ತ, ರಾಗಿ ಬೆಳೆಯುವ ಸಿದ್ದರಾಜು ಎಂಬವರ ಹೆಂಡತಿ. ಲೋಯರ್ ಸೆಕೆಂಡರಿವರೆಗೆ ಓದಿ, ಊರಿನವರ ಅರ್ಜಿ ಕಾಗದಗಳನ್ನು ಬರೆದುಕೊಡುವವಳು. ಇಷ್ಟರಿಂದ ತಮಗೆ ಗುರುತು ಹತ್ತಲಾರದು. ಎರಡು ವರ್ಷದ ಹಿಂದೆ ತಾವು ಸಂದರ್ಶನಕ್ಕೆ ಕರೆದಿದ್ದ ‘ಮಿಸ್ಟರ್ ಎಸ್. ಯಮುನಪ್ಪ’ ಎಂಬ ತರುಣನ ತಾಯಿ ಎಂದರೆ ನೆನಪಾದೀತು. ಅಂಥ ತರುಣನನ್ನು ನಾನು ಹೆತ್ತವಳಲ್ಲ. ನಾನು ಹೆತ್ತದ್ದು ಯಮುನ ಎಂಬ ಮಗಳನ್ನು. ಆದರೂ ತಮ್ಮಂಥ ತಿಳಿದವರು ಲಕೋಟೆಯ ಮೇಲೆ ಟೈಪು ಮಾಡಿಸಿ ಕಳುಹಿಸಿದ ಮೇಲೆ, ತಪ್ಪು ನನ್ನ ಹೆರಿಗೆಯಲ್ಲೇ ಆಗಿರಬೇಕೆಂದು ಕೆಲವು ದಿನ ಯೋಚಿಸಿದ್ದುಂಟು.

ಎರಡು ವರ್ಷ ಸುಮ್ಮನಿದ್ದವಳು ಈಗೇಕೆ ಎಂದು ತಾವು ಕೇಳಬಹುದು. ಬರುವ ನವೆಂಬರ್ ಒಂದಕ್ಕೆ ನಮ್ಮ ಪುಟ್ಟ ಕೊಡಗು ರಾಜ್ಯ ಮುಗಿದು ಮೈಸೂರಿನೊಳಗೆ ಸೇರಿಹೋಗುವುದರಿಂದ, ಪರರಾಜ್ಯದವಳಾಗಿ ತಮ್ಮ ಮೇಲೆ ದೂರು ಹೇಳುವ ಭಾಗ್ಯ ನನಗೆ ಇನ್ನು ಹದಿನೈದೇ ದಿನ ಉಳಿದಿದೆ. ಅಷ್ಟರೊಳಗೆ ಮುಗಿಸಿಬಿಡುವುದು ಒಳ್ಳೆಯದಲ್ಲವೇ?

ನನ್ನ ಮಗಳಿಗೆ ದನದ ಡಾಕ್ಟರಾಗುವ ಹುಚ್ಚು ಹಿಡಿದದ್ದು ಹದಿನೈದನೆಯ ವಯಸ್ಸಿನಲ್ಲಿ. ನಮ್ಮ ಕಪ್ಪಿ ಎಂಬ ಹಸು ಬೆಳಗಿನಿಂದ ಮಧ್ಯಾಹ್ನದವರೆಗೆ ನೋವು ತಿಂದರೂ ಕರು ಬರಲಿಲ್ಲ. ಪಶುವೈದ್ಯ ಇನ್‌ಸ್ಪೆಕ್ಟರು ಸೋಮವಾರಪೇಟೆಯ ಕಡೆ ಹೋಗಿದ್ದರು. ನಮ್ಮ ದನ ನೋಡಿಕೊಳ್ಳುವ ಮುದುಕ ಕೆಂಚ ಕೈಹಾಕಿ ನೋಡಿ, ಕರುವಿನ ಒಂದು ಮುಂಗಾಲು ಒಳಗೇ ಮಡಿಚಿಕೊಂಡಿದೆ ಎಂದ. ಅವನ ಕೈ ಅಷ್ಟು ದೂರ ಹೋಗಲಿಲ್ಲ. ನಮ್ಮ ಯಜಮಾನರ ಕೈ ಅವನದಕ್ಕಿಂತ ದಪ್ಪ. ಆಗ ಕೆಂಚ ನನ್ನ ಮಗಳ ಕಡೆ ತಿರುಗಿ, “ನಿನ್ ಕೈಯೇ ಸರಿ ಕಣವ್ವ, ಸಣ್ಣದು. ಹರಳೆಣ್ಣೆ ಹಚ್ಕೊಂಡು ಬಾ. ಹೆದರ್ಕೋಬೇಡ, ಅದಕ್ಕೂ ನಿನ್ನಷ್ಟೇ ಭಯ ಆಗದೆ” ಎಂದ. ಅವಳು ಮೊಣಕೈಯವರೆಗೆ ಎಣ್ಣೆ ಬಳಿದುಕೊಂಡು, ಕಣ್ಣುಮುಚ್ಚಿ, ಕೆಂಚ ಹೇಳಿದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ಬಿಡಿಸಿದಳು. ಕರು ಬದುಕಿತು, ಕಪ್ಪಿಯೂ ಬದುಕಿದಳು. ಅವತ್ತು ಸಂಜೆ ಯಮುನ ತೋಳಿನ ತುಂಬ ಬಾಸುಂಡೆಯಿದ್ದರೂ ಕೂತಲ್ಲಿ ಕೂರದೆ ಕುಣಿದಾಡಿದಳು. ತಮ್ಮ ಕಾಲೇಜಿನ ಹೆಸರನ್ನು ಮೊದಲು ನಮ್ಮ ಮನೆಗೆ ತಂದವಳು ಅವಳೇ, ಯಾವುದೋ ಪತ್ರಿಕೆಯಿಂದ ಕತ್ತರಿಸಿಕೊಂಡು.

ಮುಂದೆ ಅವಳು ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಇಂಟರ್‌ಮೀಡಿಯೆಟ್ ಓದಿದಳು. 1954ರಲ್ಲಿ ಫಲಿತಾಂಶದ ಪತ್ರಿಕೆ ಬಸ್ಸಿನಲ್ಲಿ ಬಂದ ದಿನ ಅದರಲ್ಲಿ 2317 ಇತ್ತು, 2319 ಇತ್ತು. ನಡುವೆ ಇರಬೇಕಾಗಿದ್ದ ನನ್ನ ಮಗಳು ಇರಲಿಲ್ಲ. ನಮ್ಮ ಯಜಮಾನರು ಪತ್ರಿಕೆಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟು, ಹಿಂದಿನ ದಿನವಷ್ಟೇ ಉತ್ತು ಮುಗಿಸಿದ್ದ ಗದ್ದೆಯನ್ನೇ ಮತ್ತೆ ಉಳಲು ಹೋದರು. ಪಕ್ಕದ ಮನೆಯ ಸುಮಿತ್ರಮ್ಮ ಬಂದು, “ಹೋಗ್ಲಿ ಬಿಡು ಕಾಮಾಕ್ಷಿ, ಹೆಣ್ ಹುಡುಗಿ ಫೇಲಾದ್ರೆ ಮದುವೆ ಬೇಗ ಆಯ್ತದೆ” ಎಂದು ಸಮಾಧಾನ ಹೇಳಿ, ಸಮಾಧಾನದ ಜೊತೆಗೇ ಹುಣಸೂರಿನ ಒಂದು ಗಂಡನ್ನೂ ಹೇಳಿದಳು. ನಾಲ್ಕನೆಯ ದಿನ ಮಡಿಕೇರಿಯ ಕಾಲೇಜಿನಿಂದ ಕಾರ್ಡು ಬಂತು: ಯಮುನ ಮೊದಲ ದರ್ಜೆಯಲ್ಲಿ ಪಾಸಾಗಿದ್ದಾಳೆ, ಪತ್ರಿಕೆಯಲ್ಲಿ ನಂಬರು ಬಿಟ್ಟುಹೋದದ್ದು ಅಚ್ಚಿನ ತಪ್ಪು. ಆ ನಾಲ್ಕು ದಿನ ನಾವು ಊಟ ಮಾಡಿದೆವೋ ಇಲ್ಲವೋ ನನಗೆ ನೆನಪಿಲ್ಲ. ಆದರೆ ಇದು ತಮ್ಮ ತಪ್ಪಲ್ಲ. ತಮ್ಮ ಕೈಗೆ ಸಿಗುವ ಮೊದಲು ನಮಗೊಂದು ತಾಲೀಮು ಆಯಿತು, ಅಷ್ಟೆ.

ಅರ್ಜಿಯ ಜೊತೆ ತಾವು ಕೇಳಿದ ಮೈಸೂರು ರಾಜ್ಯದ ವಾಸದ ಸರ್ಟಿಫಿಕೇಟಿಗಾಗಿ ನಮ್ಮವರು ಅರಕಲಗೂಡು ಕಡೆಯ ತಮ್ಮ ಹುಟ್ಟೂರಿಗೆ ಹೋದರು. ಅಲ್ಲಿಯ ಶಾನುಭೋಗರು ಇವರ ಬಾಲ್ಯದ ಗೆಳೆಯರು. “ನೀನು ಊರು ಬಿಟ್ಟು ಮೂವತ್ತು ವರ್ಷ ಆಯ್ತಲ್ಲ ಸಿದ್ದರಾಜು, ಇಲ್ಲಿಯವನು ಅಂತ ಹೆಂಗಪ್ಪ ಬರೀಲಿ?” ಎಂದರಂತೆ, ಆದರೆ ಒಳ್ಳೆಯ ಊಟ ಹಾಕಿ ಕಳುಹಿಸಿದರು. ಅಲ್ಲಿ ನಾವು ಕೊಡಗಿನವರು. ಕೊಡಗಿನಲ್ಲಿ ನಾವು ಇವತ್ತಿಗೂ ಹಾಸನದ ಕಡೆಯವರು. ಬೇಸಗೆಯಲ್ಲಿ ನೀರು ಇಳಿದಾಗ ನಮ್ಮ ದನಗಳು ಹೊಳೆ ದಾಟಿ ಮೈಸೂರು ರಾಜ್ಯದಲ್ಲಿ ಮೇದು, ಸಂಜೆ ಬಂದು ಕೊಡಗು ರಾಜ್ಯದಲ್ಲಿ ಹಾಲು ಕೊಡುತ್ತವೆ. ಅವುಗಳ ವಾಸದ ಸರ್ಟಿಫಿಕೇಟನ್ನು ಈವರೆಗೆ ಯಾರೂ ಕೇಳಿಲ್ಲ. ತಮಗೆ ತೊಂದರೆಯಾಗದಿದ್ದರೆ ನಮ್ಮನ್ನು ಫ್ರೇಜರ್‌ಪೇಟೆ ಸೇತುವೆಯ ನಡುಗಂಬದ ಕಾಯಂ ನಿವಾಸಿಗಳೆಂದು ದಾಖಲು ಮಾಡಿಕೊಳ್ಳಬೇಕಾಗಿ ಆಗಲೇ ಬೇಡಿಕೊಳ್ಳಬೇಕಿತ್ತು, ತೋಚಲಿಲ್ಲ, ಕ್ಷಮಿಸಿ.

ಸಂದರ್ಶನದ ದಿನ ತಂದೆ ಮಗಳು ಇಬ್ಬರೂ ಬಂದರು. ಬಾಗಿಲಲ್ಲಿ ತಮ್ಮ ಗುಮಾಸ್ತರು, “ನಿಮ್ಮಣ್ಣ ಎಲ್ಲಮ್ಮ? ಒಳಗೆ ಕರೀತಾ ಇದಾರೆ” ಎಂದು ಕೇಳಿದರು. “ನಾನೇ ಸಾರ್” ಎಂದಳು. ಗುಮಾಸ್ತರು ಕಾಗದವನ್ನೂ ಅವಳನ್ನೂ ಮೂರು ಸಲ ನೋಡಿ, ಒಳಗೆ ಹೋಗಿ, ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಕರೆದರು. ಕಿಟಕಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಯಜಮಾನರಿಗೆ ಒಳಗಿನ ಮಾತೆಲ್ಲ ಕೇಳಿಸಿತು. ರಸಾಯನಶಾಸ್ತ್ರವನ್ನಾಗಲಿ ಜೀವಶಾಸ್ತ್ರವನ್ನಾಗಲಿ ತಾವು ಕೇಳಲಿಲ್ಲ. “ಹೋರಿ ಹಿಡಿಯೋ ಶಕ್ತಿ ಇದೆಯೇನಮ್ಮ ನಿನಗೆ?” ಎಂದು ಕೇಳಿದಿರಿ.

“ಹೋರಿನ ಶಕ್ತಿಯಿಂದ ಹಿಡಿಯಕ್ಕೆ ಯಾರಿಗೂ ಆಗಲ್ಲ ಸಾರ್. ಮೂಗುದಾರದಿಂದ ಹಿಡೀತೀವಿ. ಗಂಡಸ್ರೂ ಹಂಗೇ ಹಿಡಿಯೋದು.”

ಒಬ್ಬ ಮಹನೀಯರು ನಕ್ಕರಂತೆ. ಇನ್ನೊಬ್ಬರು ಅವಳ ಕೈ ತೋರಿಸಲು ಹೇಳಿ, “ಇಷ್ಟು ಸಣ್ಣ ಕೈಯಲ್ಲಿ ಏನಾಗುತ್ತೆ?” ಎಂದಾಗ ಅವಳು ಕಪ್ಪಿಯ ಕಥೆ ಹೇಳಲು ಶುರುಮಾಡಿದಳು. “ಸಾಕಮ್ಮ, ಇಂಥದ್ದೆಲ್ಲ ಇಲ್ಲಿ ಹೇಳಬಾರದು” ಎಂದು ತಾವು ತಡೆದಿರಿ. ದನ ಈಯುವ ಮಾತನ್ನು ಪಶುವೈದ್ಯ ಕಾಲೇಜಿನಲ್ಲಿ ಆಡುವ ಅಸಭ್ಯತೆಯಿಂದ ನನ್ನ ಮಗಳನ್ನು ಕಾಪಾಡಿದ್ದಕ್ಕೆ ನಾನು ಎಷ್ಟು ಕೃತಜ್ಞಳಾಗಿದ್ದರೂ ಸಾಲದು.

ನಿರಾಕರಣೆಯ ಪತ್ರ ಜುಲೈ ಮೊದಲ ವಾರ ಬಂತು. ಕಾರಣಗಳು ಮೂರು: ಅಭ್ಯರ್ಥಿ ಪರರಾಜ್ಯದವರು, ಕಾಲೇಜಿನಲ್ಲಿ ಹೆಂಗಸರಿಗೆ ವಸತಿಯಿಲ್ಲ, ಶರೀರ ಈ ವೃತ್ತಿಗೆ ತಕ್ಕದ್ದಲ್ಲ. ಕೊನೆಗೆ ಹೊಲಿಗೆ ಕಲಿಯುವ ಬಗ್ಗೆ ತಂದೆಯಂಥ ಒಂದು ಸಲಹೆ. ಯಮುನ ಅಳಲಿಲ್ಲ. ಪತ್ರವನ್ನು ನನಗೆ ಕೊಟ್ಟು, ಕೊಟ್ಟಿಗೆಗೆ ಹೋಗಿ, ಕಪ್ಪಿಯ ಪಕ್ಕ ಕೂತಳು.

ಇಲ್ಲಿ ನಾನೊಂದು ಸಂಗತಿ ಒಪ್ಪಿಕೊಳ್ಳಬೇಕು. ತಮ್ಮನ್ನು ಮಾತ್ರ ದೂರಿದರೆ ನ್ಯಾಯವಾಗದು. ಆ ಪತ್ರ ಓದಿ ನನ್ನ ಮನಸ್ಸಿನ ಒಂದು ಮೂಲೆ ಹಗುರವಾಯಿತು. ನೂರಾರು ಗಂಡುಹುಡುಗರ ನಡುವೆ ಒಬ್ಬಳೇ ಹೆಣ್ಣು, ಗೊತ್ತಿಲ್ಲದ ಊರು. ಇನ್ನು ಆ ಚಿಂತೆಯಿಲ್ಲವೆಂದು. ಕೊಟ್ಟಿಗೆಗೆ ಹೋಗಿ, “ಬಿಡು ಮಗ, ಟೀಚರಾಗು. ಮನೆ ಹತ್ರಾನೇ ಇರ್ತೀಯ” ಎಂದೆ. ಅವಳು ಮುಖ ಎತ್ತಿ ನೋಡಿ, “ಅವ್ವ, ನೀನೂ ಆ ಕಮಿಟೀಲಿದೀಯ?” ಎಂದಳು. ಅಷ್ಟೇ. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ತಮ್ಮ ಸಮಿತಿಯಲ್ಲಿ ಆರನೆಯ ಸದಸ್ಯಳಾಗಿ ನಾನು ಕೂತಿದ್ದದ್ದು ತಮಗೆ ತಿಳಿದಿರಲಾರದು. ನನಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ತಮ್ಮ ಎರಡನೆಯ ಪತ್ರ ಬಂತು. ಯಾರೋ ಒಬ್ಬ ಅಭ್ಯರ್ಥಿ ಸೀಟು ಬಿಟ್ಟದ್ದರಿಂದ, ವಿಶೇಷ ಔದಾರ್ಯದಿಂದ, ಮಿಸ್ಟರ್ ಯಮುನಪ್ಪನವರನ್ನು ಸೇರಿಸಿಕೊಳ್ಳಲು ತಾವು ಒಪ್ಪಿದ್ದಿರಿ. ಜುಲೈ ಹದಿನೈದರೊಳಗೆ ಹಾಜರಾಗಬೇಕಿತ್ತು. ಪತ್ರ ನಮ್ಮ ಕೈಸೇರಿದ್ದು ಹತ್ತೊಂಬತ್ತಕ್ಕೆ. ಏಕೆಂದರೆ ಲಕೋಟೆಯ ಮೇಲೆ ತಾವು ‘ಫ್ರೇಜರ್‌ಪೇಟೆ, ಮೈಸೂರು ರಾಜ್ಯ’ ಎಂದು ಬರೆಸಿದ್ದಿರಿ. ಅದು ಮೈಸೂರು ರಾಜ್ಯದಲ್ಲೆಲ್ಲ ನಮ್ಮನ್ನು ಹುಡುಕಿ, ನಾಲ್ಕು ಅಂಚೆಕಚೇರಿಗಳ ಮುದ್ರೆ ಹೊಡೆಸಿಕೊಂಡು, ಸುಸ್ತಾಗಿ ಸೇತುವೆ ದಾಟಿತ್ತು. ಬೇಡವೆನ್ನುವಾಗ ನಾವು ಪರರಾಜ್ಯದವರು, ಬಾ ಎನ್ನುವಾಗ ಸ್ವರಾಜ್ಯದವರು! ಇಷ್ಟು ಚಮತ್ಕಾರ ಬಲ್ಲ ಕಚೇರಿಯನ್ನು ನಾನು ಬೇರೆ ಕಂಡಿಲ್ಲ.

ಮರುದಿನವೇ ನಾವು ಮೂವರೂ ಬಂದೆವು. ಲಕೋಟೆಯ ಮೇಲಿನ ಮುದ್ರೆಗಳನ್ನು ತೋರಿಸಿದೆವು. ತಾವು ಅವನ್ನು ನೋಡದೆಯೇ, “ಹದಿನಾರನೇ ತಾರೀಖು ಬೆಳಿಗ್ಗೆಯೇ ಬೇರೆಯವರಿಗೆ ಕೊಟ್ಟಾಯ್ತಲ್ಲ” ಎಂದಿರಿ. ವಿಳಾಸ ಬರೆಯುವಾಗ ಇಲ್ಲದ ಚುರುಕುತನ ಆ ಬೆಳಿಗ್ಗೆ ಎಲ್ಲಿಂದ ಬಂತೋ! ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅವರು ಪೇಟ ತೆಗೆದು ಕೈಯಲ್ಲಿ ಹಿಡಿದು, “ಸ್ವಾಮಿ, ಇವಳು ಓದಿದ್ದು ಸುಳ್ಳಲ್ಲ” ಎಂದರು. ಅದಕ್ಕೆ ತಾವು, “ಸುಳ್ಳು ಅಂತ ಯಾರಂದ್ರು? ಸೀಟಿಲ್ಲ ಅಂದೆ” ಎಂದು ಮುಂದಿನ ಫೈಲು ತೆಗೆದುಕೊಂಡಿರಿ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಮ್ಮವರು ಒಬ್ಬರೆದುರು ಪೇಟ ತೆಗೆದದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ಮತ್ತೆ ಸುತ್ತಿಕೊಳ್ಳದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಯಮುನ ಅವರ ಭುಜಕ್ಕೆ ತಲೆಯಿಟ್ಟು ಮಲಗಿದವಳಂತೆ ನಟಿಸುತ್ತಿದ್ದಳು.

ಮನೆಗೆ ಬಂದವಳೇ ನಾನು, ಯಾರಿಗೂ ಹೇಳದೆ, ಪೂರ್ವದ ಕಡಲ ಕಡೆಯ ಇನ್ನೊಂದು ಪಶುವೈದ್ಯ ಕಾಲೇಜಿಗೆ ಕನ್ನಡದಲ್ಲೇ ಒಂದು ಕಾಗದ ಬರೆದೆ. ನನಗೆ ಬರುವುದು ಅದೊಂದೇ ಭಾಷೆ. ಅಂಕಗಳನ್ನು ಬರೆದೆ, ಕಪ್ಪಿಯ ಹೆರಿಗೆಯನ್ನು ತಾವು ಕೇಳಲೊಲ್ಲದ ವಿವರಗಳ ಸಮೇತ ಬರೆದೆ, ಕೈ ಸಣ್ಣದೆಂದೂ ಮುಚ್ಚಿಡದೆ ಬರೆದೆ. ಅಲ್ಲಿ ಕನ್ನಡ ಬಲ್ಲವರು ಒಬ್ಬ ಟೈಪಿಸ್ಟ್ ಮಾತ್ರವಂತೆ, ಅವರಿಂದ ಓದಿಸಿಕೊಂಡು, ಅವರಿಂದಲೇ ಕನ್ನಡದಲ್ಲಿ ಬರೆಸಿ ಪ್ರಿನ್ಸಿಪಾಲರು ಕಳುಹಿಸಿದ ಉತ್ತರ ಹತ್ತೇ ದಿನದಲ್ಲಿ ಬಂತು: “ಒಂದು ಸ್ಥಳ ಖಾಲಿಯಿದೆ. ಹುಡುಗಿಯರಿಗೆ ನಮ್ಮಲ್ಲಿಯೂ ವಸತಿಯಿಲ್ಲ. ನರ್ಸುಗಳ ಹಾಸ್ಟೆಲಿನಲ್ಲಿ ಒಂದು ಮಂಚ ಕೇಳಿ ಇಟ್ಟಿದ್ದೇವೆ. ಹೊರಟು ಬನ್ನಿ.”

ಮಾನ್ಯರೇ, ನನ್ನ ದೂರಿನ ತಿರುಳೆಲ್ಲ ಆ ಮಂಚದಲ್ಲಿದೆ. ಅವರಲ್ಲಿಯೂ ಇರಲಿಲ್ಲ. ಅವರು ಕೇಳಿದರು.

ಕಾಗದವನ್ನು ಯಮುನಳ ಕೈಗೆ ಕೊಟ್ಟೆ. ಓದಿ, “ಯಾರವ್ವ ಬರೆದಿದ್ದು ಇವರಿಗೆ?” ಎಂದಳು. “ಕಮಿಟಿಗೆ ರಾಜೀನಾಮೆ ಕೊಟ್ಟೆ ಕಣ” ಎಂದೆ. ಆಗ ಅತ್ತಳು ನೋಡಿ. ಜುಲೈಯಿಂದ ತಡೆದಿಟ್ಟದ್ದೆಲ್ಲ ಅತ್ತಳು. ನಮ್ಮವರು ಏನಾಯಿತೋ ಎಂದು ಗದ್ದೆಯಿಂದ ಓಡಿಬಂದರು.

ಈಗ ಅವಳು ಮೂರನೆಯ ವರ್ಷದಲ್ಲಿದ್ದಾಳೆ. ದಸರಾ ರಜಕ್ಕೆ ಬಂದವಳು ಮನೆಯಲ್ಲಿ ಕೂತದ್ದೇ ಕಡಿಮೆ. ಮೊನ್ನೆ ಸುಮಿತ್ರಮ್ಮನ ಎಮ್ಮೆಗೆ ಹೊಟ್ಟೆ ಉಬ್ಬರಿಸಿದಾಗ ಕರೆಯಲು ಬಂದ ಸುಮಿತ್ರಮ್ಮ, ಹುಣಸೂರಿನ ಗಂಡಿನ ಮಾತೆತ್ತಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹಗಳು ಸ್ವಲ್ಪವೇ. ಹೊಳೆಯ ಎರಡೂ ದಡದ ಹಸುಗಳಿಗೆ ಒಂದು ಸುತ್ತೋಲೆ ಹೊರಡಿಸಿ, ದಪ್ಪ ಕೈಯ, ಸ್ವರಾಜ್ಯದ, ಗಂಡು ಡಾಕ್ಟರು ಬರುವ ತನಕ ಕರುಗಳು ಕಾಲು ಮಡಿಚಿಕೊಳ್ಳಕೂಡದೆಂದು ಆಜ್ಞಾಪಿಸಬೇಕು. ಮೂಗುದಾರ ಒಪ್ಪದ ಹೋರಿಗಳನ್ನು ಸಂದರ್ಶನಕ್ಕೆ ಕರೆಸಿ ತಾವೇ ಖುದ್ದಾಗಿ ಶಕ್ತಿಯಿಂದ ಹಿಡಿದು ತೋರಿಸಬೇಕು. ಇವೆರಡೂ ಆಗದಿದ್ದರೆ, ಮುಂದಿನ ವರ್ಷ ತಮ್ಮ ಬಾಗಿಲಲ್ಲಿ ಯಾರಾದರೂ ತಂದೆ ಪೇಟ ತೆಗೆದಾಗ, ಆ ಫೈಲನ್ನು ಒಂದು ನಿಮಿಷ ಕೆಳಗಿಡಬೇಕು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಇನ್ನು ಹದಿನೈದು ದಿನದ ಮಟ್ಟಿಗೆ ಪರರಾಜ್ಯದವಳೂ, ಆಮೇಲೆ ತಮ್ಮವಳೇ ಆಗಲಿರುವವಳೂ ಆದ

ತಮ್ಮ ವಿಶ್ವಾಸಿ,
ಕಾಮಾಕ್ಷಮ್ಮ

ಮರೆತ ಮಾತು: ಅಚ್ಚಿಗೆ ಕಳುಹಿಸುವ ಮೊದಲು ಇದನ್ನು ಯಮುನಳಿಗೆ ತೋರಿಸಿದೆ. ಎರಡು ಕಡೆ ಕಾಗುಣಿತ ತಿದ್ದಿ ವಾಪಸು ಕೊಡುತ್ತ, “ಇಷ್ಟುದ್ದ ಯಾಕವ್ವ ಬರೆದೆ? ನನ್ನ ಅರ್ಜಿ ಒಂದೇ ಹಾಳೆ ಇತ್ತು, ಅದನ್ನೇ ಅವರು ಓದಿರಲಿಲ್ಲ” ಎಂದಳು.