ಮ್ಯೂನಿಕ್ಕಿನಲ್ಲಿ ಮಾವ ತಟ್ಟೆ ತೊಳೆದು ಕುಡಿದದ್ದು

ಮ್ಯೂನಿಕ್ ನಗರದ ಅರ್ಧ ಡಜನ್ ಹೋಟೆಲಿನವರು ನಮ್ಮ ಸೋದರಮಾವನನ್ನು ಈ ಜನ್ಮದಲ್ಲಿ ಮರೆಯಲಾರರು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಒಂದು ವಾರ ನಾನು ತಲೆ ಎತ್ತಿ ಊಟ ಮಾಡಿದ ನೆನಪೇ ಇಲ್ಲ!

ಚನ್ನಗಿರಿಯಲ್ಲಿ ಮಾವನಿಗೆ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಸಣ್ಣ ಕಾರ್ಖಾನೆಯಿದೆ. ಜರ್ಮನಿಯ ವಸ್ತುಪ್ರದರ್ಶನವೊಂದರಲ್ಲಿ ಅವರ ತಟ್ಟೆಗಳಿಗೆ ಜಾಗ ಸಿಕ್ಕಿತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ಅವರ ಪರವಾಗಿ ಮಾತಾಡಲು ಹೊರಟೆ. ಮಾವ ಎರಡು ಕಿಲೋ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟರು.

ಮೊದಲ ದಿನ ಹೋದದ್ದು ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿದ ಹೋಟೆಲಿಗೆ. ಅಲ್ಲಿ ಗುರುತಿಲ್ಲದವರೂ ಒಂದೇ ಮೇಜಿಗೆ ಕೂರುವ ರೂಢಿ. "ಇದು ನಮ್ಮ ಮಠದ ಪಂಕ್ತಿ ಇದ್ದಂಗೆ ಐತಲ್ಲ" ಎಂದು ಮಾವನಿಗೆ ಖುಷಿಯೋ ಖುಷಿ. ಪಂಕ್ತಿ ಎಂದ ಮೇಲೆ ಬಡಿಸದೆ ಇರಲಾದೀತೇ? ಎದುರಿಗಿದ್ದ ಹಿರಿಯರ ಆಲೂಗಡ್ಡೆಯ ಮೇಲೆ ಎರಡು ಚಮಚ ಚಟ್ನಿಪುಡಿ ಸುರಿದೇಬಿಟ್ಟರು. "ಹಾಕ್ಕಳ್ರಿ, ಸಂಕೋಚ ಮಾಡ್ಕಬ್ಯಾಡ್ರಿ." ಪಾಪ, ಆ ಮನುಷ್ಯ ಮರ್ಯಾದೆಗೆ ಬಾಯಿಗಿಟ್ಟರು, ಕಿವಿಯವರೆಗೆ ಕೆಂಪಾದರು, ಕೈಗೆ ಸಿಕ್ಕ ಬಿಯರನ್ನು ಒಂದೇ ಉಸಿರಿಗೆ ಕುಡಿದರು. ಅದು ಅವರ ಹೆಂಡತಿಯ ಬಿಯರು.

"ನೋಡಿದೇನವ್ವ? ಹೆಂಗೆ ರುಚಿ ಹತ್ತೈತೆ" ಎಂದರು ಮಾವ.

ಮರುದಿನ ಇನ್ನೊಂದು ಹೋಟೆಲಿನಲ್ಲಿ ಆಲೂಗಡ್ಡೆಯ ದೊಡ್ಡ ಉಂಡೆ ಬಂತು. ಅದನ್ನು ಅಲ್ಲಿಯವರು ಕ್ನೋಡೆಲ್ ಎನ್ನುತ್ತಾರೆ. ಮಾವ ನೋಡಿದ ಕೂಡಲೇ ಮುದ್ದೆ ಎಂದರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಅದು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು! ಬಡಿಸುವಾಕೆ ಓಡಿ ಬಂದು ಬೆನ್ನಿಗೆ ಗುದ್ದಬೇಕಾಯಿತು. ಇಡೀ ಹೋಟೆಲು ಫೋರ್ಕು ಕೆಳಗಿಟ್ಟು ನಮ್ಮನ್ನೇ ನೋಡುತ್ತಿತ್ತು. ಉಸಿರು ಬಂದ ಮೇಲೆ ಮಾವ ಹೇಳಿದ್ದಿಷ್ಟು: "ಮುದ್ದೆ ಸರಿಯಾಗಿ ತೊಳಸಿಲ್ಲ ಅಂತ ಅವ್ರಿಗೆ ಹೇಳವ್ವ." ನಾನು ಹೇಳಲಿಲ್ಲ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ತಟ್ಟೆ ತೊಳೆಯುವುದು. ಉಂಡ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನು ಕುಡಿಯುವುದು ನಮ್ಮ ಮನೆಯ ಹಿರಿಯರ ಪದ್ಧತಿ. ಉಣ್ಣುವುದೆಲ್ಲ ಪ್ರಸಾದ, ಅದರ ಒಂದಗುಳೂ ಹಾಳಾಗಬಾರದು. ಆದರೆ ಅಲ್ಲಿ ನೀರು ಕೇಳಿದರೆ ತಂದಿಡುವುದು ಸೋಡಾ! ಸುರಿದೊಡನೆ ತಟ್ಟೆಯೆಲ್ಲ ಬುಸುಬುಸು ನೊರೆ. ಮಾವ ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದು ಜೋರಾಗಿ ತೇಗುತ್ತಿದ್ದರು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ.

ಕೊನೆಯ ದಿನ ಒಂದು ಹೋಟೆಲಿನ ಒಡತಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ವಾರವಿಡೀ ನಮ್ಮ ತಟ್ಟೆಗಳನ್ನು ಕೊಳ್ಳುವ ಮಾತಾಡಿದ್ದು ಅವರೊಬ್ಬರೇ. ಪ್ರದರ್ಶನದಲ್ಲಿ ಅವರೊಂದಿಗೆ ಮಾತಾಡಿದ್ದೆಲ್ಲ ನಾನು. ಮಾವ ಹಿಂದೆ ತಟ್ಟೆ ಜೋಡಿಸುತ್ತಿದ್ದರು.

"ಮಾವ, ಇವತ್ತೊಂದಿನ ತಟ್ಟೆ ತೊಳ್ದು ಕುಡೀಬ್ಯಾಡ್ರಿ" ಎಂದು ಬೇಡಿಕೊಂಡೆ.

"ಆತು ಬಿಡವ್ವ."

ಮನಸ್ಸಿನಿಂದಲೇ ಒಪ್ಪಿದ್ದರು. ಆದರೆ ಅರವತ್ತು ವರ್ಷ ಪಳಗಿದ ಕೈ ಅದು. ಊಟ ಮುಗಿಯುತ್ತಲೇ ಸೋಡಾ ಸುರಿಯಿತು, ನೊರೆ ಎದ್ದಿತು, ತಟ್ಟೆ ಬಾಯಿಗೆ ಹೋಯಿತು. ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಒಡತಿ ಹುಬ್ಬೇರಿಸಿ, "ಇವರು ನಿಮಗೆ ಏನಾಗಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಇವರು ನಮ್ಮ ವರ್ಕರ್. ಮಾಲೀಕರು ನನ್ನ ಅಂಕಲ್, ಅವರು ಊರಿನಲ್ಲಿದ್ದಾರೆ" ಎಂದುಬಿಟ್ಟೆ.

ಮಾವನಿಗೆ ಇಂಗ್ಲಿಷ್ ಬಾರದು. ಆದರೆ ವರ್ಕರುಗಳನ್ನು ಇಟ್ಟುಕೊಂಡು ಕಾರ್ಖಾನೆ ನಡೆಸುವ ಮನುಷ್ಯನಿಗೆ ಆ ಒಂದು ಪದ ಗೊತ್ತಿರುವುದಿಲ್ಲವೇ? ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟರು. ಎದ್ದು ಬಂದು ನನ್ನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ನಾನು ಕೂತುಕೊಳ್ಳಿ ಎನ್ನದೆ ಒಡತಿಯ ಕಡೆಗೇ ಮುಖ ಮಾಡಿ ಕೂತೆ.

ಬಿಸಿ ಸೂಪನ್ನು ತಟ್ಟೆ ತಡೆಯುತ್ತದೆಯೇ ಎಂದು ಒಡತಿ ಕೇಳಿದರು. ನಾನು ಹಿಂದೆ ತಿರುಗಿ ಅದನ್ನೇ ಕನ್ನಡದಲ್ಲಿ ಕೇಳಿದೆ.

"ಕುದಿಯೋ ಸಾರು ಹಾಕಿದ್ರೂ ಸೋರಂಗಿಲ್ಲ ಅಂತ ಹೇಳ್ರಿ ಮೇಡಂ" ಎಂದರು ಮಾವ.

ನನ್ನನ್ನು ಎತ್ತಿ ಆಡಿಸಿದವರು, ನನಗೆ ಮೇಡಂ ಎಂದರು.

ಒಡತಿ ತಟ್ಟೆ ಕಳಿಸಿ ಎಂದರು. ಆದರೆ ಅದಕ್ಕೆ ಮೊದಲು ಒಂದು ಮಾತು ತಿಳಿಯಬೇಕಂತೆ: ಮಾಲೀಕರು ಕೆಲಸಗಾರರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ? ನೀವು ಹೇಳುವುದು ಬೇಡ, ಅವರನ್ನೇ ಕೇಳಿ ಎಂದರು. ಕೇಳಿದೆ.

"ಒಳ್ಳೇರು ಅಂತ ಹೇಳ್ರಿ. ಯಾರ ಮ್ಯಾಲೂ ಸಿಟ್ಟು ಇಟ್ಕಳಲ್ಲ." ಮಾವ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. "ಅಕ್ಕನ ಮಗಳು ಅಂದ್ರೆ ಅವ್ರಿಗೆ ಪ್ರಾಣ. ಅದನ್ನೂ ಹೇಳ್ರಿ ಮೇಡಂ."

ಮೊದಲ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎರಡನೆಯದನ್ನು ಹೇಳಲು ಹೋಗಿ ಅತ್ತುಬಿಟ್ಟೆ. ಹಿಂದಿನಿಂದ ಮಾವ ತಮ್ಮ ಟವೆಲ್ಲನ್ನು ನನ್ನ ಕೈಗಿಟ್ಟರು. ಆಮೇಲೆ ಒಡತಿಯ ಕಡೆ ಒಮ್ಮೆ ನೋಡಿ, ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತುಕೊಂಡರು.