ಮಾಸಿನ ಅಂಕಿ ಇಳಿಸಿದ ಸಾಹಸ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ದಿನಕ್ಕೆ ನಾಲ್ಕು ಸಲ ಉಷ್ಣಾಂಶ ಬರೆದಿಡುವುದು ನನ್ನ ಕೆಲಸ. ಅಂಕಿ ಮಿತಿ ದಾಟಿದರೆ ಇಳಿಸಬೇಕು; ಇಳಿದರೆ ಮೆಣಸಿನಕಾಯಿ ಬಚಾವು. ಹೀಗಿರುವಾಗ ಹೆಂಡತಿಯ ಬಸುರನ್ನು ನಿಭಾಯಿಸಲು ನನಗಿಂತ ಅರ್ಹ ಗಂಡ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

2003. ಶೋಭಾಳಿಗೆ ಏಳು ತಿಂಗಳು. ಮಗುವನ್ನು ಪೋಷಿಸುವ ಮಾಸು ಸರಿಯಾಗಿದೆಯೇ ಎಂದು ತಿಳಿಯಲು ಹಾವೇರಿಯ ಡಾಕ್ಟರಮ್ಮ ಎರಡು ವಾರಕ್ಕೊಮ್ಮೆ ರಕ್ತದಲ್ಲಿನ ಒಂದು ಕಿಣ್ವ ಅಳೆಸಲು ಬರೆದುಕೊಟ್ಟಿದ್ದರು. ಜುಲೈ 12: 168. ಜುಲೈ 26: 196. ವರದಿಯ ಅಂಚಿನಲ್ಲಿ ಅಚ್ಚಾಗಿದ್ದ ಮಿತಿ 120! ಅದು ಬಸುರಿಯಲ್ಲದವರ ಮಿತಿ ಎಂದು ಗೊತ್ತಾಗಿದ್ದು ಆಮೇಲೆ. ಡಾಕ್ಟರಮ್ಮನನ್ನು ಕೇಳಬಹುದಿತ್ತು. ಆದರೆ ಅನುಭವಸ್ಥ ಯಾರನ್ನಾದರೂ ಕೇಳುತ್ತಾನೆಯೇ?

ಕೂಡಲೇ ಕ್ರಮ ಕೈಗೊಂಡೆ. ಮನೆಯಲ್ಲಿ ತಂಪು ಮಾಡುವ ಕಂಪ್ರೆಸರ್ ಇಲ್ಲದ ಕಾರಣ ಮಜ್ಜಿಗೆ, ಎಳನೀರು, ಸೌತೆಕಾಯಿ. ಖಾರ ಬಂದ್. ಬ್ಯಾಡಗಿಯಲ್ಲಿ!

ಕರ್ಜಗಿಯಿಂದ ಅತ್ತೆ ಬಂದು, ಕುಬಸದ, ಅಂದರೆ ಸೀಮಂತದ, ಹಸಿರು ಸೀರೆ ತಂದಾಗಿದೆ, ಮಗಳನ್ನು ತವರಿಗೆ ಕಳಿಸಿ ಎಂದರು. ಅಂಕಿ ಇಳಿಯುವವರೆಗೆ ಪ್ರಯಾಣ ಸಾಧ್ಯವಿಲ್ಲವೆಂದು ನನ್ನ ದಿನಚರಿಯ ಪಟ್ಟಿ ತೋರಿಸಿದೆ. ಅವರು ಪಟ್ಟಿ ನೋಡಲಿಲ್ಲ, ನನ್ನನ್ನು ನೋಡಿದರು.

"ನಾವು ಕೊಟ್ಟಿದ್ದು ಮಗಳನ್ನ, ಮೆಣಸಿನಕಾಯಿ ಚೀಲ ಅಲ್ರಿ ಅಳಿಯಾರ."

ಶೋಭಾ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಳು. ಅದನ್ನೂ ಬರೆದಿಟ್ಟೆ.

ಆಗಸ್ಟ್ 9: ಹಾವೇರಿಯ ಲ್ಯಾಬಿನ ಮೇಲೆ ನಂಬಿಕೆ ಹೋಗಿ ರಾಣೆಬೆನ್ನೂರಿನಲ್ಲಿ ರಕ್ತ ಕೊಡಿಸಿದೆ. ಫಲಿತಾಂಶ: 30! ಪೇಢೆ ಕೊಂಡು ಬಸ್ಸಿನಲ್ಲೆಲ್ಲ ಹಂಚುತ್ತ ಶೋಭಾಳೊಂದಿಗೆ ಹಾವೇರಿಗೆ ಹೋದೆ. ಡಾಕ್ಟರಮ್ಮನಿಗೂ ಒಂದು ಕೊಟ್ಟು ನನ್ನ ದಿನಚರಿ ತೆರೆದಿಟ್ಟೆ.

ಪೇಢೆ ಅವರ ಕೈಯಲ್ಲೇ ಉಳಿಯಿತು. ಬಸುರಿನಲ್ಲಿ ಈ ಕಿಣ್ವವನ್ನು ಹೆಚ್ಚಾಗಿ ಮಾಸೇ ಕೊಡುವುದು, ದಿನ ತುಂಬಿದಂತೆ ಅದು ಏರಬೇಕು, ಹೀಗೆ ಕುಸಿದರೆ ಮಾಸು ಸೋತಿರಬಹುದು ಎಂದರು. ನಾನು ಪೇಢೆಯ ಪೊಟ್ಟಣ ಮುಚ್ಚಿದೆ. ಶೋಭಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಕೂಸು ಒದ್ಯಾಕತ್ತೇತಿ ಅಲ್ರೀ," ಎಂದಳು, ಮೆಲ್ಲಗೆ.

ಡಾಕ್ಟರಮ್ಮ ಮೂಲ ವರದಿ ಕೇಳಿ ಪಡೆದರು. ಓದಿದರು. ಕನ್ನಡಕ ತೆಗೆದರು. ರಾಣೆಬೆನ್ನೂರಿನವರು ಬೇರೆಯೇ ಹಳೆಯ ಅಳತೆ ಬಳಸಿದ್ದರು. ಹಾವೇರಿಯ ಅಳತೆಗೆ ತರಲು ಏಳರಿಂದ ಗುಣಿಸಿದರೆ ಇನ್ನೂರ ಹತ್ತು. ಅಂದರೆ ಏರಿತ್ತು!

"ಸ್ಟೋರೇಜಿನ್ಯಾಗ ಸೆಲ್ಸಿಯಸ್ಸು, ಫ್ಯಾರನ್‌ಹೀಟು ಎರಡೂ ಒಂದ ಸಾಲಿನ್ಯಾಗ ಬರೀತೀರೇನು?" ಎಂದು ಡಾಕ್ಟರಮ್ಮ ಕೇಳಿದರು.

ಇಲ್ಲ ಎಂದೆ. ಮೆಣಸಿನಕಾಯಿಯ ವಿಷಯದಲ್ಲಿ ನಾನು ಅಷ್ಟು ಅಜಾಗರೂಕನಲ್ಲ.

ಅವರು ಮಗುವಿನ ಎದೆಬಡಿತ ಕೇಳಿ, ಇವತ್ತೇ ಕರ್ಜಗಿಗೆ ಹೋಗಬಹುದೆಂದರು. ನಾನೂ ಬಸ್ ಹತ್ತಲು ಹೋದೆ. ಶೋಭಾ ಕಿಟಕಿಯಿಂದಲೇ ತಡೆದಳು.

"ನೀವು ಕೂಸು ಹುಟ್ಟಿದ ಮ್ಯಾಲ ಬರ್ರಿ. ಪೆನ್ನು ತರಬ್ಯಾಡ್ರಿ."

ಅಂದಿನ ನಮೂದು: ಪರೀಕ್ಷೆಗೆ ಒಳಗಾದವರು ಮೂವರು. ಪಾಸಾದವರು ಇಬ್ಬರು.